‘ಎರಡು ಗಂಟೆಯಿಂದ ಕಾಯುತ್ತಿದ್ದೇನೆ’: ಇಂಗ್ಲಿಷಿನಲ್ಲಿ ಹೇಳುವುದು ಹೇಗೆ?

ಮಗನ ಮನೆಗೆಂದು ನ್ಯೂಜೆರ್ಸಿಗೆ ಹೋಗಿರುವ ಕನ್ನಡದ ಅಜ್ಜಿಯೊಬ್ಬರು, ಮಗ-ಸೊಸೆ ಇಬ್ಬರೂ ಕೆಲಸಕ್ಕೆ ಹೋದ ಹೊತ್ತಿನಲ್ಲಿ ವೈದ್ಯರ ಕಚೇರಿಗೆ ದೂರವಾಣಿ ಕರೆ ಮಾಡುತ್ತಾರೆ ಎಂದಿಟ್ಟುಕೊಳ್ಳಿ. ಮೊಮ್ಮಗನಿಗೆ ನಿನ್ನೆ ರಾತ್ರಿಯಿಂದ ವಾಂತಿ. ಅಜ್ಜಿ ತಮಗೆ ಬರುವ ಇಂಗ್ಲಿಷಿನಲ್ಲಿ ‘ಹಿ ವಾಮಿಟೆಡ್ ಲಾಸ್ಟ್ ನೈಟ್’ ಎನ್ನುತ್ತಾರೆ. ಆ ಬದಿಯಲ್ಲಿರುವ ದಾದಿಗೆ ಅರ್ಥವಾಗುವುದು ಇಷ್ಟೇ: ಮಗು ನಿನ್ನೆ ರಾತ್ರಿ ವಾಂತಿ ಮಾಡಿತ್ತು, ಈಗ ನಿಂತಿದೆ. ಅದೇ ಅಜ್ಜಿ ‘ಹಿ ಹ್ಯಾಸ್ ಬೀನ್ ವಾಮಿಟಿಂಗ್ ಸಿನ್ಸ್ ಲಾಸ್ಟ್ ನೈಟ್’ ಎಂದಿದ್ದರೆ? ವಾಂತಿ ರಾತ್ರಿ ಆರಂಭವಾಗಿದೆ, ಈ ಕ್ಷಣದವರೆಗೂ ನಿಂತಿಲ್ಲ ಎಂದಾಗುತ್ತದೆ. ಮೊದಲ ವಾಕ್ಯಕ್ಕೆ ‘ನಾಳೆ ನೋಡೋಣ’ ಎಂಬ ಉತ್ತರ ಬರಬಹುದು. ಎರಡನೆಯದಕ್ಕೆ ‘ಈಗಲೇ ಕರೆತನ್ನಿ’ ಎಂಬ ಉತ್ತರ ಬರುವುದೇ ಹೆಚ್ಚು.

ಈ ಎರಡನೆಯ ವಾಕ್ಯದಲ್ಲಿರುವುದೇ ಶಾಲೆಯ ಪಟ್ಟಿಯಲ್ಲಿ ‘ಪ್ರೆಸೆಂಟ್ ಪರ್ಫೆಕ್ಟ್ ಕಂಟಿನ್ಯುಯಸ್ ಟೆನ್ಸ್’ ಎಂದು ಕರೆಸಿಕೊಳ್ಳುವ ರೂಪ. ಕನ್ನಡದಲ್ಲಿ ‘ಪೂರ್ಣ ನಿರಂತರ ವರ್ತಮಾನ ಕಾಲ’ ಎನ್ನಬಹುದಾದರೂ ಆ ಹೆಸರು ನಾಲಿಗೆಗೂ ಭಾರ, ನೆನಪಿಗೂ ಭಾರ. ಹಿಂದೆ ಯಾವಾಗಲೋ ಆರಂಭವಾದ ಕ್ರಿಯೆ ಈಗಿನವರೆಗೆ ಎಳೆದುಕೊಂಡು ಬಂದಿದೆ ಎಂದು ಹೇಳುವುದು ಇದರ ಮುಖ್ಯ ಕೆಲಸ. ಹನ್ನೆರಡು ಕಾಲಗಳ ಪಟ್ಟಿಯನ್ನು ಬಾಯಿಪಾಠ ಮಾಡಿದ ಪದವೀಧರರೂ ಉದ್ಯೋಗದ ಸಂದರ್ಶನದಲ್ಲಿ ಮೊದಲು ಎಡವುವುದು ಸಾಮಾನ್ಯವಾಗಿ ಇಲ್ಲಿಯೇ. ಬುದ್ಧಿವಂತಿಕೆಯ ಕೊರತೆ ಇದಕ್ಕೆ ಕಾರಣವಲ್ಲ. ಕಾರಣ ಕನ್ನಡದ ಒಂದು ಪುಟ್ಟ ವಿಭಕ್ತಿ ಪ್ರತ್ಯಯದಲ್ಲಿದೆ.

ರೂಪ ಸರಳ

ರಚನೆಯ ಮಟ್ಟಿಗೆ ಇಲ್ಲಿ ಕಷ್ಟವೇನಿಲ್ಲ. ‘ಹ್ಯಾವ್’ ಅಥವಾ ‘ಹ್ಯಾಸ್’, ಅದರ ಹಿಂದೆ ‘ಬೀನ್’, ಅದರ ಹಿಂದೆ ‘ಇಂಗ್’ ಹಚ್ಚಿದ ಕ್ರಿಯಾಪದ. ‘ಐ’, ‘ವಿ’, ‘ಯೂ’, ‘ದೇ’ ಎಂಬ ಕರ್ತೃಗಳಿಗೆ ‘ಹ್ಯಾವ್’; ‘ಹಿ’, ‘ಶಿ’, ‘ಇಟ್’ ಎಂಬವುಗಳಿಗೆ ‘ಹ್ಯಾಸ್’. ‘ಐ ಹ್ಯಾವ್ ಬೀನ್ ರೀಡಿಂಗ್’, ‘ಶಿ ಹ್ಯಾಸ್ ಬೀನ್ ಕುಕಿಂಗ್’. ಅಲ್ಲಗಳೆಯಬೇಕಾದರೆ ನಡುವೆ ‘ನಾಟ್’ ಸೇರುತ್ತದೆ: ‘ಹಿ ಹ್ಯಾಸ್ ನಾಟ್ ಬೀನ್ ಅಟೆಂಡಿಂಗ್ ದ ಕ್ಲಾಸಸ್’. ಪ್ರಶ್ನೆಯಾದರೆ ‘ಹ್ಯಾವ್’ ಮುಂದಕ್ಕೆ ಬರುತ್ತದೆ: ‘ಹ್ಯಾವ್ ಯೂ ಬೀನ್ ವೇಟಿಂಗ್ ಲಾಂಗ್?’

ಮಾತಿನಲ್ಲಿ ಮಾತ್ರ ಈ ರೂಪ ಕುಗ್ಗಿಬಿಡುತ್ತದೆ. ‘ಐ ಹ್ಯಾವ್ ಬೀನ್’ ಎಂಬುದು ‘ಐವ್ ಬಿನ್’ ಆಗುತ್ತದೆ, ‘ಹಿ ಹ್ಯಾಸ್ ಬೀನ್’ ಎಂಬುದು ‘ಹೀಸ್ ಬಿನ್’ ಆಗುತ್ತದೆ. ಅಮೆರಿಕದವರ ಬಾಯಲ್ಲಿ ‘ಬೀನ್’ ಎಂಬುದರ ದೀರ್ಘವೂ ಉಳಿಯುವುದಿಲ್ಲ. ಕೇಳುವವರಿಗೆ ‘ವ್’ ಎಂಬ ಕ್ಷೀಣ ಸದ್ದು ತಪ್ಪಿಹೋದರೆ ‘ಐ ಬಿನ್ ವೇಟಿಂಗ್’ ಎಂದಷ್ಟೇ ಕೇಳಿಸುತ್ತದೆ. ಸಿನಿಮಾ ಮತ್ತು ಧಾರಾವಾಹಿಗಳನ್ನು ನೋಡಿ ಇಂಗ್ಲಿಷ್ ಕಲಿತ ಹಲವರು ‘ಹ್ಯಾವ್’ ಬಿಟ್ಟೇ ಬರೆಯುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಗೊಂದಲ ಕಾಗುಣಿತದ್ದು. ‘ಬೀನ್’ ಮತ್ತು ‘ಬೀಯಿಂಗ್’ ಬೇರೆ ಬೇರೆ ಪದಗಳು. ಕಚೇರಿಯ ಇ-ಮೇಲ್‌ಗಳಲ್ಲಿ ‘ಐ ಹ್ಯಾವ್ ಬೀಯಿಂಗ್ ವೇಟಿಂಗ್’ ಎಂಬ ವಿಚಿತ್ರ ಜೋಡಣೆ ಆಗಾಗ ಕಣ್ಣಿಗೆ ಬೀಳುತ್ತದೆ. ‘ಹ್ಯಾವ್’, ‘ಹ್ಯಾಸ್’, ‘ಹ್ಯಾಡ್’ ಇವುಗಳ ಬೆನ್ನಿಗೇ ಸಹಾಯಕ ಕ್ರಿಯಾಪದವಾಗಿ ಬರುವುದು ‘ಬೀನ್’ ಮಾತ್ರ. ‘ಬೀಯಿಂಗ್’ ಬೇಕಾಗುವುದು ‘ಆಮ್’, ‘ಈಸ್’, ‘ಆರ್’, ‘ವಾಸ್’ ಇವುಗಳ ಹಿಂದೆ.

ಎಲ್ಲದಕ್ಕೂ ಮೂಲ ‘ಇಂದ’

ಈಗ ಕನ್ನಡದ ಕಡೆಗೆ ತಿರುಗೋಣ. ‘ನಾನು ಬಸ್ಸಿಗಾಗಿ ಕಾಯುತ್ತಿದ್ದೇನೆ.’ ಇದು ಈ ಕ್ಷಣದ ಮಾತು. ‘ನಾನು ಬಸ್ಸಿಗಾಗಿ ಎರಡು ಗಂಟೆಯಿಂದ ಕಾಯುತ್ತಿದ್ದೇನೆ.’ ಇದು ಎರಡು ಗಂಟೆ ಎಳೆದುಕೊಂಡು ಬಂದ ಕ್ರಿಯೆ. ಎರಡು ವಾಕ್ಯಗಳಲ್ಲಿಯೂ ಕ್ರಿಯಾಪದ ‘ಕಾಯುತ್ತಿದ್ದೇನೆ’ ಎಂದೇ ಇದೆ, ಒಂದಕ್ಷರವೂ ಬದಲಾಗಿಲ್ಲ. ಅವಧಿಯ ಭಾರವನ್ನೆಲ್ಲ ‘ಇಂದ’ ಎಂಬ ಪ್ರತ್ಯಯ ಒಂದೇ ಹೊತ್ತುಕೊಂಡಿದೆ. ಆದ್ದರಿಂದ ಕನ್ನಡಿಗನ ಮನಸ್ಸು ಇಂಗ್ಲಿಷಿನಲ್ಲಿಯೂ ಅದನ್ನೇ ಮಾಡಲು ಹೊರಡುತ್ತದೆ. ‘ಕಾಯುತ್ತಿದ್ದೇನೆ’ ಎಂದರೆ ‘ಐ ಆಮ್ ವೇಟಿಂಗ್’, ‘ಇಂದ’ ಎಂದರೆ ‘ಫ್ರಮ್’. ಹೀಗೆ ‘ಐ ಆಮ್ ವೇಟಿಂಗ್ ಫ್ರಮ್ ಟೂ ಅವರ್ಸ್’ ಹುಟ್ಟುತ್ತದೆ.

ಇಂಗ್ಲಿಷ್ ಇದನ್ನು ಒಪ್ಪುವುದಿಲ್ಲ. ಅವಧಿಯನ್ನು ಹೇಳಿದೊಡನೆ ಕ್ರಿಯಾಪದವೂ ತನ್ನ ವೇಷ ಬದಲಿಸಬೇಕು ಎಂಬುದು ಆ ಭಾಷೆಯ ಹಠ. ‘ಐ ಆಮ್ ವೇಟಿಂಗ್’ ಸರಿ. ಆದರೆ ಎಷ್ಟು ಹೊತ್ತಿನಿಂದ ಎಂಬ ಮಾತು ಬಂದರೆ ‘ಐ ಹ್ಯಾವ್ ಬೀನ್ ವೇಟಿಂಗ್’ ಎಂದೇ ಆಗಬೇಕು.

ಹಾಗೆ ನೋಡಿದರೆ ಈ ವಿಷಯದಲ್ಲಿ ಕನ್ನಡ ಒಂಟಿಯಲ್ಲ. ಹಿಂದಿಯವರೂ ‘ದೋ ಘಂಟೇ ಸೇ ಇಂತಜಾರ್ ಕರ್ ರಹಾ ಹ್ಞೂ’ ಎಂದು ವರ್ತಮಾನ ಕಾಲದಲ್ಲಿಯೇ ಹೇಳುತ್ತಾರೆ. ಫ್ರೆಂಚರು ‘ದೆಪ್ವಿ’ ಎಂಬ ಪದವನ್ನೂ ಜರ್ಮನರು ‘ಜೈಟ್’ ಎಂಬ ಪದವನ್ನೂ ಇಟ್ಟುಕೊಂಡು ಸಾದಾ ವರ್ತಮಾನ ಕಾಲದಲ್ಲಿಯೇ ಕೆಲಸ ಮುಗಿಸುತ್ತಾರೆ. ಪ್ಯಾರಿಸ್ಸಿನವರು ಇಂಗ್ಲಿಷ್ ಕಲಿಯುವಾಗ ಮಾಡುವ ತಪ್ಪೂ ಪಾವಗಡದವರು ಮಾಡುವ ತಪ್ಪೂ ಇಲ್ಲಿ ಒಂದೇ! ವಿಚಿತ್ರ ಇರುವುದು ಇಂಗ್ಲಿಷಿನಲ್ಲಿ, ಕಲಿಯುವವರಲ್ಲಲ್ಲ.

ಈ ವಿಚಿತ್ರ ಇತ್ತೀಚಿನದೂ ಅಲ್ಲ. ಹದಿನಾಲ್ಕನೆಯ ಶತಮಾನದ ಕೊನೆಯ ಭಾಗದ ಕವಿ ಜೆಫ್ರಿ ಚಾಸರನ ‘ಕ್ಯಾಂಟರ್ಬರಿ ಟೇಲ್ಸ್’ ಕೃತಿಯಲ್ಲಿ ‘ನೈಟ್ಸ್ ಟೇಲ್’ ಎಂಬ ಕಥೆಯಿದೆ. ಅದರಲ್ಲಿ ಯುದ್ಧದಲ್ಲಿ ಗಂಡಂದಿರನ್ನು ಕಳೆದುಕೊಂಡ ಸ್ತ್ರೀಯರು ಅರಸ ಥೀಸಿಯಸ್‌ನನ್ನು ತಡೆದು ನಿಲ್ಲಿಸಿ, ದೇಗುಲದಲ್ಲಿ ಹದಿನೈದು ದಿನಗಳಿಂದ ನಿನಗಾಗಿ ಕಾಯುತ್ತಿದ್ದೇವೆ ಎಂದು ಮೊರೆಯಿಡುತ್ತಾರೆ. ಚಾಸರ್ ಅಲ್ಲಿ ಬಳಸಿರುವುದು ಇದೇ ‘ಹ್ಯಾವ್ ಬೀನ್ ವೇಟಿಂಗ್’ ರೂಪವನ್ನು. ಆರು ಶತಮಾನ ಕಳೆದರೂ ವ್ಯಾಕರಣ ಪುಸ್ತಕಗಳು ಈ ಕಾಲಕ್ಕೆ ಕಾಯುವುದನ್ನೇ ಉದಾಹರಣೆಯಾಗಿ ಕೊಡುತ್ತಿರುವುದು ಸ್ವಾರಸ್ಯಕರ.

‘ಫಾರ್’ ಎಲ್ಲಿ, ‘ಸಿನ್ಸ್’ ಎಲ್ಲಿ?

‘ಎರಡು ಗಂಟೆಯಿಂದ ಕಾಯುತ್ತಿದ್ದೇನೆ’ ಎಂಬ ವಾಕ್ಯವನ್ನು ಇನ್ನೊಮ್ಮೆ ನೋಡಿ. ಗಡಿಯಾರದಲ್ಲಿ ಎರಡು ಹೊಡೆದಾಗಿನಿಂದ ಎಂದೂ ಅರ್ಥ ಮಾಡಬಹುದು, ನೂರಿಪ್ಪತ್ತು ನಿಮಿಷಗಳಿಂದ ಎಂದೂ ಅರ್ಥ ಮಾಡಬಹುದು. ಬರವಣಿಗೆಯಲ್ಲಿ ‘ಎರಡು ಗಂಟೆಗಳಿಂದ’ ಎಂದು ಬಹುವಚನ ಹಾಕಿ ಬಿಡಿಸಿ ಹೇಳುವುದುಂಟು. ಮಾತಿನಲ್ಲಿ ಯಾರೂ ಆ ಗೋಜಿಗೆ ಹೋಗುವುದಿಲ್ಲ, ಸಂದರ್ಭವೇ ಅರ್ಥವನ್ನು ತಿಳಿಸಿಕೊಡುತ್ತದೆ.

ಇಂಗ್ಲಿಷ್ ಈ ಎರಡು ಅರ್ಥಗಳಿಗೆ ಎರಡು ಪದಗಳನ್ನು ಇಟ್ಟುಕೊಂಡಿದೆ. ಕ್ರಿಯೆ ಶುರುವಾದ ಬಿಂದುವನ್ನು ಹೇಳುವುದಾದರೆ ‘ಸಿನ್ಸ್’: ‘ಸಿನ್ಸ್ ಟೂ ಓ ಕ್ಲಾಕ್’, ‘ಸಿನ್ಸ್ ಮಂಡೇ’, ‘ಸಿನ್ಸ್ 2015’, ‘ಸಿನ್ಸ್ ಮೈ ಮ್ಯಾರೇಜ್’. ಕ್ರಿಯೆ ನಡೆದ ಉದ್ದವನ್ನು ಹೇಳುವುದಾದರೆ ‘ಫಾರ್’: ‘ಫಾರ್ ಟೂ ಅವರ್ಸ್’, ‘ಫಾರ್ ತ್ರೀ ಡೇಸ್’, ‘ಫಾರ್ ಟೆನ್ ಇಯರ್ಸ್’, ‘ಫಾರ್ ಎ ಲಾಂಗ್ ಟೈಮ್’. ಕ್ಯಾಲೆಂಡರಿನಲ್ಲಿಯೋ ಗಡಿಯಾರದಲ್ಲಿಯೋ ಬೆರಳಿಟ್ಟು ತೋರಿಸಬಹುದಾದದ್ದು ‘ಸಿನ್ಸ್’ ಪಾಲು, ಅಳತೆಪಟ್ಟಿಯಿಂದ ಅಳೆಯುವಂಥದ್ದು ‘ಫಾರ್’ ಪಾಲು.

‘ಸಿನ್ಸ್ ಟೂ ಅವರ್ಸ್’, ‘ಸಿನ್ಸ್ ಫೋರ್ ಇಯರ್ಸ್’ ಎಂಬ ಪ್ರಯೋಗಗಳು ನಮ್ಮಲ್ಲಿ ಎಷ್ಟು ಸಾಮಾನ್ಯವೆಂದರೆ, ಅವು ತಪ್ಪೆಂದು ಹೇಳಿದರೆ ಕೇಳಿದವರೇ ಹುಬ್ಬೇರಿಸುತ್ತಾರೆ. ಕನ್ನಡದ ‘ಇಂದ’ ಎರಡಕ್ಕೂ ಹೊಂದುವುದರಿಂದ ಇಂಗ್ಲಿಷಿನ ಯಾವುದಾದರೂ ಒಂದು ಪದವನ್ನು ಹಿಡಿದು ಎರಡಕ್ಕೂ ಬಳಸುವ ಪ್ರವೃತ್ತಿ ಇಲ್ಲಿ ಕೆಲಸ ಮಾಡಿದೆ. ಕಚೇರಿಯ ಪತ್ರಗಳಲ್ಲಿ ಕಾಣುವ ‘ಐ ಆಮ್ ವೇಟಿಂಗ್ ಫಾರ್ ಯುವರ್ ರಿಪ್ಲೈ ಫ್ರಮ್ ಲಾಸ್ಟ್ ಟೆನ್ ಡೇಸ್’ ಎಂಬ ವಾಕ್ಯದಲ್ಲಿ ಎರಡು ತಪ್ಪುಗಳೂ ಒಟ್ಟಿಗಿವೆ. ಅದು ‘ಐ ಹ್ಯಾವ್ ಬೀನ್ ವೇಟಿಂಗ್ ಫಾರ್ ಯುವರ್ ರಿಪ್ಲೈ ಫಾರ್ ದ ಲಾಸ್ಟ್ ಟೆನ್ ಡೇಸ್’ ಎಂದಿರಬೇಕು. ಒಂದೇ ವಾಕ್ಯದಲ್ಲಿ ಎರಡು ‘ಫಾರ್’ ಬಂದರೆ ಅಂಜಬೇಕಿಲ್ಲ. ಮೊದಲನೆಯದು ಯಾವುದಕ್ಕಾಗಿ ಕಾಯುವುದು ಎಂದು ಹೇಳುತ್ತದೆ, ಎರಡನೆಯದು ಎಷ್ಟು ಕಾಲ ಎಂದು.

‘ಸಿನ್ಸ್’ ಹಿಂದೆ ಇಡೀ ಉಪವಾಕ್ಯ ಬಂದರೆ ಅದರೊಳಗಿನ ಕ್ರಿಯಾಪದ ಸಾಮಾನ್ಯವಾಗಿ ಭೂತಕಾಲದಲ್ಲಿರುತ್ತದೆ. ‘ಐ ಹ್ಯಾವ್ ಬೀನ್ ಲರ್ನಿಂಗ್ ಕನ್ನಡ ಸಿನ್ಸ್ ಐ ಕೇಮ್ ಟು ಬೆಂಗಳೂರು’. ಬಂದದ್ದು ಒಮ್ಮೆ, ಅದು ಮುಗಿದಿದೆ. ಕಲಿಕೆ ಮಾತ್ರ ನಡೆಯುತ್ತಲೇ ಇದೆ.

‘ಬಂದು ಎರಡು ಗಂಟೆ ಆಯಿತು’ ಎಂಬ ನಮ್ಮ ಇನ್ನೊಂದು ಜಾಯಮಾನವನ್ನೂ ಇಲ್ಲಿಯೇ ಹೇಳಿಬಿಡಬೇಕು. ಇದನ್ನು ಪದಶಃ ಇಂಗ್ಲಿಷಿಗೆ ಇಳಿಸಲು ಹೋದರೆ ಅನರ್ಥವಾಗುತ್ತದೆ. ‘ಐ ಹ್ಯಾವ್ ಬೀನ್ ಹಿಯರ್ ಫಾರ್ ಟೂ ಅವರ್ಸ್’ ಎನ್ನಬೇಕು. ಇಲ್ಲಿ ‘ಇಂಗ್’ ರೂಪವೇ ಇಲ್ಲವಲ್ಲ ಎಂದು ಕೇಳಬಹುದು. ಇರುವುದು ಸ್ಥಿತಿ, ಮಾಡುವ ಕೆಲಸವಲ್ಲ. ‘ಹ್ಯಾವ್ ಬೀನ್ ಬೀಯಿಂಗ್ ಹಿಯರ್’ ಎಂದು ಯಾರೂ ಹೇಳುವುದಿಲ್ಲ.

ಕನ್ನಡದಲ್ಲಿ ಹತ್ತಿರದ ರೂಪ ಇದೆಯೇ?

ಇದೆ. ಪತ್ರಿಕೆ ಓದುವವರಿಗೆ ಅದು ಚಿರಪರಿಚಿತ. ‘ಸರ್ಕಾರ ಈ ಬೇಡಿಕೆಯನ್ನು ನಿರ್ಲಕ್ಷಿಸುತ್ತಾ ಬಂದಿದೆ’, ‘ರೈತರು ಹಲವು ವರ್ಷಗಳಿಂದ ಒತ್ತಾಯಿಸುತ್ತಾ ಬಂದಿದ್ದಾರೆ’. ಕನ್ನಡದ ‘ಬರೆಯುತ್ತಿದ್ದೇನೆ’ ಎಂಬುದರಲ್ಲಿ ‘ಬರೆಯುತ್ತ’ ಮತ್ತು ‘ಇದ್ದೇನೆ’ ಸೇರಿವೆ, ‘ಬರೆದಿದ್ದೇನೆ’ ಎಂಬುದರಲ್ಲಿ ‘ಬರೆದು’ ಮತ್ತು ‘ಇದ್ದೇನೆ’ ಸೇರಿವೆ. ಮೊದಲನೆಯದು ನಡೆಯುತ್ತಿರುವುದನ್ನೂ ಎರಡನೆಯದು ಮುಗಿದು ಫಲ ಉಳಿದಿರುವುದನ್ನೂ ಹೇಳುತ್ತದೆ. ಇಂಗ್ಲಿಷ್ ಈ ಎರಡನ್ನೂ ಒಂದರ ಮೇಲೊಂದು ಪೇರಿಸಿ ‘ಹ್ಯಾವ್ ಬೀನ್ ರೈಟಿಂಗ್’ ಎಂದು ಮಾಡಿಕೊಂಡಿತು. ಕನ್ನಡದಲ್ಲಿ ಹಾಗೆಯೇ ಪೇರಿಸಿ ‘ಬರೆಯುತ್ತಾ ಇದ್ದಿದ್ದೇನೆ’ ಎಂದರೆ ಕಿವಿಗೆ ಒಗ್ಗುವುದಿಲ್ಲ. ಅದರ ಬದಲು ಕನ್ನಡ ‘ಬರು’ ಎಂಬ ಧಾತುವನ್ನು ನೆರವಿಗೆ ಕರೆದು ‘ಬರೆಯುತ್ತಾ ಬಂದಿದ್ದೇನೆ’ ಎಂದಿತು. ಹಿಂದಿನಿಂದ ಇಂದಿನವರೆಗೆ ನಡೆದುಕೊಂಡು ಬರುವ ಚಿತ್ರವೇ ಅದರಲ್ಲಿದೆ.

ಆದರೆ ಈ ರೂಪದ ವ್ಯಾಪ್ತಿ ಕಿರಿದು. ವರ್ಷಗಟ್ಟಲೆ ನಡೆದ ಸಂಗತಿಗೆ ಅದು ಹೊಂದುತ್ತದೆ. ಬಸ್ ನಿಲ್ದಾಣದಲ್ಲಿ ನಿಂತವರು ‘ಅರ್ಧ ಗಂಟೆಯಿಂದ ಕಾಯುತ್ತಾ ಬಂದಿದ್ದೇನೆ’ ಎಂದರೆ ಪಕ್ಕದವರು ವಿಚಿತ್ರವಾಗಿ ನೋಡುತ್ತಾರೆ. ಇಂಗ್ಲಿಷ್ ರೂಪಕ್ಕೆ ಆ ಮಿತಿಯಿಲ್ಲ. ಐದು ನಿಮಿಷವಾದರೂ ಅದೇ, ಐವತ್ತು ವರ್ಷವಾದರೂ ಅದೇ.

ಮುಗಿದಿದ್ದರೂ ಗುರುತು ಉಳಿದಿದ್ದರೆ

ಶಾಲೆಗಳಲ್ಲಿ ಸಾಮಾನ್ಯವಾಗಿ ಹೇಳಿಕೊಡದ ಇನ್ನೊಂದು ಬಳಕೆಯಿದೆ. ಕ್ರಿಯೆ ಈಗ ನಿಂತಿರಬಹುದು, ಆದರೆ ಅದರ ಗುರುತು ಕಣ್ಣೆದುರು ಇದೆ. ಬೆಳಿಗ್ಗೆ ಬಾಗಿಲು ತೆರೆದರೆ ಅಂಗಳವೆಲ್ಲ ಒದ್ದೆ, ಆಕಾಶ ತಿಳಿಯಾಗಿದೆ. ಆಗ ‘ಇಟ್ ಹ್ಯಾಸ್ ಬೀನ್ ರೇನಿಂಗ್’ ಎನ್ನುತ್ತಾರೆ. ಕನ್ನಡದಲ್ಲಿ ‘ಮಳೆ ಬಂದಿದೆ’ ಎಂದರೆ ಸಾಕು. ಮಗಳ ಕಣ್ಣು ಕೆಂಪಾಗಿರುವುದನ್ನು ಕಂಡ ತಾಯಿ ‘ಅತ್ತಿದ್ದೀಯಾ?’ ಎಂದು ಕೇಳುತ್ತಾಳೆ. ಅದೇ ಮಾತು ಇಂಗ್ಲಿಷಿನಲ್ಲಿ ‘ಹ್ಯಾವ್ ಯೂ ಬೀನ್ ಕ್ರೈಯಿಂಗ್?’ ಎಂದಾಗುತ್ತದೆ. ರಾತ್ರಿ ವಾಹನ ತಡೆದ ಪೊಲೀಸ್ ಅಧಿಕಾರಿ ಕೇಳುವುದು ‘ಹ್ಯಾವ್ ಯೂ ಬೀನ್ ಡ್ರಿಂಕಿಂಗ್?’ ಎಂದು. ‘ಆರ್ ಯೂ ಡ್ರಿಂಕಿಂಗ್?’ ಎಂದು ಕೇಳಿದರೆ ಚಾಲಕನ ಕೈಯಲ್ಲಿ ಲೋಟವಿದೆ ಎಂದರ್ಥ!

ಇಲ್ಲಿ ‘ಫಾರ್’, ‘ಸಿನ್ಸ್’ ಯಾವುದೂ ಬೇಕಿಲ್ಲ. ಅವಧಿಯ ಪದವಿದ್ದರೆ ಮಾತ್ರ ಈ ಕಾಲ ಬರುತ್ತದೆ ಎಂಬ ನಂಬಿಕೆ ಅಷ್ಟರಮಟ್ಟಿಗೆ ತಪ್ಪು. ತುಸು ಆಕ್ಷೇಪದ, ಅಸಹನೆಯ ಧ್ವನಿಗೂ ಇಂಗ್ಲಿಷ್ ಇದನ್ನು ಬಳಸಿಕೊಳ್ಳುತ್ತದೆ. ‘ಹೂ ಹ್ಯಾಸ್ ಬೀನ್ ಯೂಸಿಂಗ್ ಮೈ ಕಂಪ್ಯೂಟರ್?’ ಎಂದರೆ ಕೇಳುವವರ ಮುಖ ಗಂಟಿಕ್ಕಿದೆ ಎಂದೇ ತಿಳಿಯಬೇಕು.

ಇತ್ತೀಚೆಗೆ ಮತ್ತೆ ಮತ್ತೆ ನಡೆಯುತ್ತಿರುವುದಕ್ಕೂ ಇದೇ ರೂಪ. ‘ಐ ಹ್ಯಾವಂಟ್ ಬೀನ್ ಸ್ಲೀಪಿಂಗ್ ವೆಲ್’ ಎಂದರೆ ಕೆಲವು ದಿನಗಳಿಂದ ಸರಿಯಾಗಿ ನಿದ್ದೆ ಬರುತ್ತಿಲ್ಲ ಎಂದರ್ಥ. ‘ಐ ಡಿಡಂಟ್ ಸ್ಲೀಪ್ ವೆಲ್’ ಎಂದರೆ ಒಂದು ರಾತ್ರಿಯ ಮಾತು. ವೈದ್ಯರ ಮುಂದೆ ಕುಳಿತಾಗ ಈ ವ್ಯತ್ಯಾಸ ಸಣ್ಣದಲ್ಲ.

ನಿಷೇಧ ರೂಪದಲ್ಲಿ ಕನ್ನಡವೇ ದಾರಿ ತೋರಿಸುತ್ತದೆ ಎಂಬುದು ಸಮಾಧಾನದ ಸಂಗತಿ. ‘ಬೆಳಗಿನಿಂದ ಊಟ ಮಾಡಿಲ್ಲ’ ಎಂಬುದಕ್ಕೆ ‘ಐ ಹ್ಯಾವಂಟ್ ಈಟನ್ ಸಿನ್ಸ್ ಮಾರ್ನಿಂಗ್’. ‘ಒಂದು ವಾರದಿಂದ ಸರಿಯಾಗಿ ಊಟ ಮಾಡುತ್ತಿಲ್ಲ’ ಎಂಬುದಕ್ಕೆ ‘ಹಿ ಹ್ಯಾಸಂಟ್ ಬೀನ್ ಈಟಿಂಗ್ ಪ್ರಾಪರ್ಲಿ ಫಾರ್ ಎ ವೀಕ್’. ಕನ್ನಡದಲ್ಲಿ ‘ಮಾಡಿಲ್ಲ’ ಎಂದು ಬಂದಲ್ಲಿ ಸಾದಾ ಪರ್ಫೆಕ್ಟ್, ‘ಮಾಡುತ್ತಿಲ್ಲ’ ಎಂದು ಬಂದಲ್ಲಿ ಕಂಟಿನ್ಯುಯಸ್. ಇಲ್ಲಿ ಎರಡು ಭಾಷೆಗಳೂ ಕೈಹಿಡಿದು ನಡೆಯುತ್ತವೆ.

ಎಷ್ಟು ಹೊತ್ತು, ಎಷ್ಟು ಸಂಖ್ಯೆ

‘ಐ ಹ್ಯಾವ್ ರೆಡ್ ದಿಸ್ ಬುಕ್’ ಎಂದವರು ಪುಸ್ತಕ ಮುಗಿಸಿದ್ದಾರೆ. ‘ಐ ಹ್ಯಾವ್ ಬೀನ್ ರೀಡಿಂಗ್ ದಿಸ್ ಬುಕ್’ ಎಂದವರು ಇನ್ನೂ ಮುಗಿಸಿಲ್ಲದಿರಬಹುದು, ಪುಟಗಳ ನಡುವೆ ಎಲ್ಲೋ ಒಂದು ಗುರುತು ಇಟ್ಟಿದ್ದಾರೆ. ಮೊದಲನೆಯದು ಫಲವನ್ನೂ ಎರಡನೆಯದು ಪ್ರಯತ್ನವನ್ನೂ ಎತ್ತಿ ತೋರಿಸುತ್ತದೆ. ಆದ್ದರಿಂದಲೇ ಸಂಖ್ಯೆ ಬಂದಾಗ ಕಂಟಿನ್ಯುಯಸ್ ರೂಪ ಹಿಂದೆ ಸರಿಯುತ್ತದೆ. ‘ಬೆಳಗಿನಿಂದ ಹತ್ತು ಪತ್ರ ಬರೆದಿದ್ದೇನೆ’ ಎಂಬುದು ‘ಐ ಹ್ಯಾವ್ ರಿಟನ್ ಟೆನ್ ಲೆಟರ್ಸ್ ಸಿನ್ಸ್ ಮಾರ್ನಿಂಗ್’. ‘ಬೆಳಗಿನಿಂದ ಪತ್ರ ಬರೆಯುತ್ತಿದ್ದೇನೆ’ ಎಂಬುದು ‘ಐ ಹ್ಯಾವ್ ಬೀನ್ ರೈಟಿಂಗ್ ಲೆಟರ್ಸ್ ಸಿನ್ಸ್ ಮಾರ್ನಿಂಗ್’.

ಕೆಲವು ಕ್ರಿಯಾಪದಗಳಲ್ಲಿ ಈ ಅಂತರ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ‘ಲಿವ್’, ‘ವರ್ಕ್’, ‘ಟೀಚ್’, ‘ಸ್ಟಡಿ’ ಇಂಥವು. ‘ಐ ಹ್ಯಾವ್ ವರ್ಕ್ಡ್ ಹಿಯರ್ ಫಾರ್ ಫೋರ್ ಇಯರ್ಸ್’ ಎಂದರೂ ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೋರ್ ಇಯರ್ಸ್’ ಎಂದರೂ ಕೆಲಸ ಇನ್ನೂ ಇದೆ. ಎಚ್ಚರ ಬೇಕಾದದ್ದು ‘ಹ್ಯಾವ್’ ಕಳೆದುಹೋದಾಗ. ‘ಐ ವರ್ಕ್ಡ್ ದೇರ್ ಫಾರ್ ಫೋರ್ ಇಯರ್ಸ್’ ಎಂದರೆ ಆ ಕೆಲಸ ಬಿಟ್ಟಾಗಿದೆ. ಈಗಿನ ಉದ್ಯೋಗದ ಬಗ್ಗೆ ಕೇಳಿದಾಗ ಹೀಗೆ ಉತ್ತರಿಸಿದ ಅಭ್ಯರ್ಥಿಗೆ ‘ಮತ್ತೆ ಈಗ ಏನು ಮಾಡುತ್ತಿದ್ದೀರಿ?’ ಎಂಬ ಮರುಪ್ರಶ್ನೆ ಎದುರಾದರೆ ಸಂದರ್ಶಕರ ತಪ್ಪೇನೂ ಇಲ್ಲ. ‘ಐ ಹ್ಯಾಡ್ ಬೀನ್ ವರ್ಕಿಂಗ್’ ಎಂದರೂ ಅದೇ ಗತಿ. ಅದು ಹಿಂದಿನ ಒಂದು ಗಳಿಗೆಯವರೆಗೆ ನಡೆದು ಬಂದದ್ದನ್ನು ಹೇಳುತ್ತದೆಯೇ ಹೊರತು ಇಂದಿನವರೆಗೆ ಬರುವುದಿಲ್ಲ. ಹೆಚ್ಚು ಗೌರವದ ಇಂಗ್ಲಿಷ್ ಎಂದುಕೊಂಡು ‘ಹ್ಯಾಡ್’ ಸೇರಿಸುವ ಚಾಳಿ ನಮ್ಮ ಕಚೇರಿಗಳಲ್ಲಿ ವ್ಯಾಪಕವಾಗಿದೆ. ಅದನ್ನು ಬಿಡುವುದು ಒಳಿತು.

‘ನಿನ್ನೆ’, ‘ಕಳೆದ ವರ್ಷ’, ‘2010ರಲ್ಲಿ’, ‘ಎರಡು ದಿನದ ಹಿಂದೆ’ ಎಂದು ಮುಗಿದ ಕಾಲವನ್ನು ಹೆಸರಿಸಿದ ವಾಕ್ಯದಲ್ಲಿಯೂ ಈ ರೂಪಕ್ಕೆ ಜಾಗವಿಲ್ಲ. ಅಲ್ಲಿ ಬರುವುದು ಭೂತಕಾಲ.

ವಿಮಾನ ನಿಲ್ದಾಣದ ಪ್ರಶ್ನೆ

ಹೊರದೇಶದ ವಲಸೆ ಅಧಿಕಾರಿ ‘ಹೌ ಲಾಂಗ್ ಆರ್ ಯೂ ಸ್ಟೇಯಿಂಗ್?’ ಎಂದು ಕೇಳಿದರೆ ಅದು ಮುಂದಿನ ಮಾತು: ಎಷ್ಟು ದಿನ ಇರುತ್ತೀರಿ? ‘ಹೌ ಲಾಂಗ್ ಹ್ಯಾವ್ ಯೂ ಬೀನ್ ಸ್ಟೇಯಿಂಗ್ ಹಿಯರ್?’ ಎಂದರೆ ಹಿಂದಿನ ಮಾತು: ಎಷ್ಟು ದಿನಗಳಿಂದ ಇದ್ದೀರಿ? ಮೊದಲ ಪ್ರಶ್ನೆಗೆ ‘ತ್ರೀ ಮಂತ್ಸ್’ ಎಂದರೆ ಮೂರು ತಿಂಗಳ ಪ್ರವಾಸದ ಯೋಜನೆ. ಎರಡನೆಯದಕ್ಕೆ ಅದೇ ಉತ್ತರ ಕೊಟ್ಟರೆ ಆಗಲೇ ಮೂರು ತಿಂಗಳು ಕಳೆದಿದ್ದೀರಿ ಎಂದಾಗುತ್ತದೆ. ವೀಸಾದ ಅವಧಿ ಲೆಕ್ಕ ಹಾಕುವ ಮೇಜಿನ ಮುಂದೆ ಈ ಎರಡನ್ನು ಅದಲುಬದಲು ಮಾಡಿಕೊಂಡರೆ ವಿವರಣೆ ಕೊಡುತ್ತಾ ನಿಲ್ಲಬೇಕಾಗುತ್ತದೆ.

‘ಗೊತ್ತು’ ಎಂಬುದಕ್ಕೆ ‘ಇಂಗ್’ ಇಲ್ಲ

ಎಲ್ಲ ಕ್ರಿಯಾಪದಗಳೂ ‘ಇಂಗ್’ ಹಚ್ಚಿಸಿಕೊಳ್ಳುವುದಿಲ್ಲ. ತಿಳಿದಿರುವುದು, ನಂಬುವುದು, ಹೊಂದಿರುವುದು, ಇಷ್ಟಪಡುವುದು ಇವು ಸ್ಥಿತಿಗಳು. ಹತ್ತು ವರ್ಷಗಳಿಂದ ಪರಿಚಯವಿರುವವರ ಬಗ್ಗೆ ‘ಐ ಹ್ಯಾವ್ ಬೀನ್ ನೋಯಿಂಗ್ ಹಿಮ್’ ಎನ್ನಬಾರದು, ‘ಐ ಹ್ಯಾವ್ ನೋನ್ ಹಿಮ್ ಫಾರ್ ಟೆನ್ ಇಯರ್ಸ್’ ಎನ್ನಬೇಕು. ಭಾರತೀಯರ ‘ಐ ಆಮ್ ನೋಯಿಂಗ್’ ಶೈಲಿಯನ್ನು ನಿಸ್ಸಿಮ್ ಎಝೆಕಿಯೆಲ್ ತಮ್ಮ ಕವಿತೆಗಳಲ್ಲಿ ಲೇವಡಿ ಮಾಡಿದ್ದು ಪ್ರಸಿದ್ಧವಾಗಿದೆ.

ಈ ತಪ್ಪಿಗೆ ಕನ್ನಡವನ್ನು ದೂರುವುದು ನ್ಯಾಯವಲ್ಲ. ‘ಅವರು ನನಗೆ ಹತ್ತು ವರ್ಷದಿಂದ ಗೊತ್ತು’ ಎನ್ನುತ್ತೇವೆಯೇ ವಿನಾ ‘ಗೊತ್ತಿರುತ್ತಿದೆ’ ಎನ್ನುವುದಿಲ್ಲ. ‘ಗೊತ್ತಾಗುತ್ತಿದೆ’ ಎಂದರೆ ಈಗ ತಾನೇ ಅರಿವಿಗೆ ಬರುತ್ತಿದೆ ಎಂಬ ಬೇರೆಯೇ ಅರ್ಥ. ಹಾಗೆಯೇ ‘ಮದುವೆಯಾಗಿ ಹತ್ತು ವರ್ಷವಾಯಿತು’ ಎಂಬುದು ‘ವಿ ಹ್ಯಾವ್ ಬೀನ್ ಮ್ಯಾರೀಡ್ ಫಾರ್ ಟೆನ್ ಇಯರ್ಸ್’. ಅಲ್ಲಿ ‘ಮ್ಯಾರಿಯಿಂಗ್’ ಎಂದರೆ ಹತ್ತು ವರ್ಷಗಳಿಂದ ಮುಹೂರ್ತ ಮುಗಿದೇ ಇಲ್ಲ ಎಂದಾದೀತು.

ಅಪವಾದಗಳೂ ಉಂಟು. ‘ಐ ಹ್ಯಾವ್ ಬೀನ್ ಮೀನಿಂಗ್ ಟು ಕಾಲ್ ಯೂ’ ಎಂದರೆ ‘ನಿಮಗೆ ಫೋನ್ ಮಾಡಬೇಕು ಮಾಡಬೇಕು ಎಂದುಕೊಳ್ಳುತ್ತಲೇ ಇದ್ದೆ’ ಎಂದರ್ಥ. ಮರೆತುಹೋದದ್ದನ್ನು ಮುಚ್ಚಿಕೊಳ್ಳಲು ಇದಕ್ಕಿಂತ ಸೌಜನ್ಯದ ವಾಕ್ಯ ಇಂಗ್ಲಿಷಿನಲ್ಲಿ ಸಿಗುವುದು ಅಪರೂಪ. ‘ಐ ಹ್ಯಾವ್ ಬೀನ್ ವಾಂಟಿಂಗ್ ಟು’ ಎಂಬುದೂ ಚಾಲ್ತಿಯಲ್ಲಿದೆ.

ಇದು ನಿಜವಾಗಿಯೂ ತಪ್ಪೇ?

‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ 2015’ ಎಂಬ ವಾಕ್ಯ ದೆಹಲಿಯಲ್ಲಿ, ಚೆನ್ನೈಯಲ್ಲಿ, ಹುಬ್ಬಳ್ಳಿಯಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಕೋಟ್ಯಂತರ ಜನ ಒಂದೇ ರೀತಿ ಆಡುವ ಮಾತನ್ನು ತಪ್ಪೆನ್ನುವುದು ಹೇಗೆ ಎಂಬ ಪ್ರಶ್ನೆ ಹಳೆಯದು. ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಭಾಷಾವಿಜ್ಞಾನಿ ಬ್ರಜ್ ಕಚ್ರು ಭಾರತೀಯ ಇಂಗ್ಲಿಷನ್ನು ತನ್ನದೇ ಜಾಯಮಾನವುಳ್ಳ ಒಂದು ಬಗೆಯೆಂದು ನೋಡಬೇಕೆಂದು ದಶಕಗಳ ಕಾಲ ವಾದಿಸಿದರು. ಆ ವಾದದಲ್ಲಿ ಹುರುಳಿದೆ. ನಮ್ಮ ನಮ್ಮೊಳಗಿನ ಮಾತಿನಲ್ಲಿ ಯಾರನ್ನಾದರೂ ತಡೆದು ತಿದ್ದುವುದು ಅಸಭ್ಯವೂ ಹೌದು.

ಆದರೆ ಪರೀಕ್ಷೆಯ ಕೋಣೆಗೆ ಆ ವಾದವನ್ನು ಕೊಂಡೊಯ್ಯಲಾಗದು. ಹೊರದೇಶದ ವ್ಯಾಸಂಗಕ್ಕೂ ವಲಸೆಗೂ ಬೇಕಾಗುವ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಮಾತನಾಡುವ ಭಾಗಕ್ಕೆ ಅಂಕ ನೀಡುವ ಮಾನದಂಡಗಳು ನಾಲ್ಕು, ನಾಲ್ಕಕ್ಕೂ ಸಮಾನ ತೂಕ. ಅವುಗಳಲ್ಲೊಂದು ವ್ಯಾಕರಣದ ವೈವಿಧ್ಯ ಮತ್ತು ನಿಖರತೆ. ಊರು, ಓದು, ಕೆಲಸ ಇವುಗಳ ಕುರಿತ ಪರಿಚಯದ ಪ್ರಶ್ನೆಗಳಿಂದಲೇ ಆ ಸಂದರ್ಶನ ಆರಂಭವಾಗುವುದರಿಂದ ‘ಎಷ್ಟು ಕಾಲದಿಂದ’ ಎಂಬ ಉತ್ತರದ ಅಗತ್ಯ ಮೊದಲ ನಿಮಿಷಗಳಲ್ಲಿಯೇ ಬೀಳಬಹುದು.

ಪಟ್ಟಿಯ ಬಾಯಿಪಾಠ ಇಲ್ಲಿ ಹೆಚ್ಚು ನೆರವಾಗದು. ಮೂರು ಕಾಲ, ಪ್ರತಿಯೊಂದಕ್ಕೂ ನಾಲ್ಕು ರೂಪ, ಒಟ್ಟು ಹನ್ನೆರಡು ಎಂಬ ಲೆಕ್ಕ ಶಾಲೆಯ ಅನುಕೂಲಕ್ಕಾಗಿ ಮಾಡಿಕೊಂಡದ್ದು. ಇಂಗ್ಲಿಷಿನಲ್ಲಿ ನಿಜವಾಗಿ ಇರುವ ಕಾಲಗಳು ಎರಡೇ, ಉಳಿದದ್ದೆಲ್ಲ ಕ್ರಿಯೆಯನ್ನು ನೋಡುವ ಬಗೆ ಎಂದು ಹಲವು ಭಾಷಾವಿಜ್ಞಾನಿಗಳು ಹೇಳುತ್ತಾರೆ. ಕನ್ನಡದ ವಿದ್ವಾಂಸ ಡಿ.ಎನ್. ಶಂಕರ ಭಟ್ಟರು 1999ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಕೃತಿಯೊಂದರಲ್ಲಿ, ಕಾಲ, ಕ್ರಿಯೆಯ ಬಗೆ ಮತ್ತು ಅರ್ಥಗಳಲ್ಲಿ ಯಾವುದಕ್ಕೆ ಪ್ರಾಧಾನ್ಯ ಎಂಬುದರ ಮೇಲೆ ಜಗತ್ತಿನ ಭಾಷೆಗಳನ್ನು ವಿಂಗಡಿಸಲು ಯತ್ನಿಸಿದ್ದಾರೆ. ಒಂದು ಭಾಷೆಯ ಚೌಕಟ್ಟನ್ನು ಇನ್ನೊಂದರ ಮೇಲೆ ಹೇರುವುದರ ವಿರುದ್ಧ ಅವರು ಕನ್ನಡದಲ್ಲಿಯೂ ಸಾಕಷ್ಟು ಬರೆದಿದ್ದಾರೆ.

ರಸ್ತೆ ದುರಸ್ತಿಯ ತೊಡಕು

ಕೊನೆಯದಾಗಿ ಒಂದು ತೊಡಕಿನ ವಾಕ್ಯ. ‘ರಸ್ತೆಯನ್ನು ದುರಸ್ತಿ ಮಾಡಲಾಗುತ್ತಿದೆ’ ಎಂಬ ಕರ್ಮಣಿ ಪ್ರಯೋಗ ‘ದ ರೋಡ್ ಈಸ್ ಬೀಯಿಂಗ್ ರಿಪೇರ್ಡ್’ ಎಂದಾಗುತ್ತದೆ. ಈ ‘ಈಸ್ ಬೀಯಿಂಗ್’ ಸಹ ಇಂಗ್ಲಿಷಿಗೆ ತೀರ ಹಳೆಯದಲ್ಲ. ಅದು ಬಳಕೆಗೆ ಬಂದದ್ದು ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ, ಹತ್ತೊಂಬತ್ತನೆಯ ಶತಮಾನದ ವ್ಯಾಕರಣ ಪಂಡಿತರು ಹಲವರು ಅದನ್ನು ಕಟುವಾಗಿ ಹಳಿದಿದ್ದರು. ಈಗ ಅದೇ ರಸ್ತೆಯ ದುರಸ್ತಿ ಎರಡು ವರ್ಷಗಳಿಂದ ನಡೆಯುತ್ತಿದೆ ಎನ್ನಿ. ನಿಯಮದ ಪ್ರಕಾರ ‘ದ ರೋಡ್ ಹ್ಯಾಸ್ ಬೀನ್ ಬೀಯಿಂಗ್ ರಿಪೇರ್ಡ್ ಫಾರ್ ಟೂ ಇಯರ್ಸ್’ ಎಂದಾಗಬೇಕು. ವ್ಯಾಕರಣ ಇದನ್ನು ತಡೆಯುವುದಿಲ್ಲ, ಆದರೆ ‘ಬೀನ್ ಬೀಯಿಂಗ್’ ಎಂಬ ಜೋಡಿಯನ್ನು ಇಂಗ್ಲಿಷ್ ಮಾತೃಭಾಷೆಯವರೂ ಸಾಧ್ಯವಾದಷ್ಟು ದೂರವಿಡುತ್ತಾರೆ. ‘ದೇ ಹ್ಯಾವ್ ಬೀನ್ ರಿಪೇರಿಂಗ್ ದ ರೋಡ್ ಫಾರ್ ಟೂ ಇಯರ್ಸ್’ ಎಂದು ಕರ್ತೃವನ್ನು ಮುಂದಿಟ್ಟರೆ ಸರಾಗ. ಆ ‘ದೇ’ ಯಾರೆಂದು ಹೇಳಲು ಇಷ್ಟವಿಲ್ಲದ ಅಧಿಕಾರಿಗಳಿಗೆ ‘ದ ರೋಡ್ ಹ್ಯಾಸ್ ಬೀನ್ ಅಂಡರ್ ರಿಪೇರ್ ಫಾರ್ ಟೂ ಇಯರ್ಸ್’ ಎಂಬ ವಾಕ್ಯ ಸದಾ ಸಿದ್ಧವಾಗಿದೆ.